ಎಡಗೈಗೊಂದು, ಬಲಗೈಗೊಂದು

ಸುಗಂಧರಾಜ ನಮ್ಮ ಕಡೆ ಸನ್ಮಾನದ ಹೂವು. ಕಾರವಾರದ ಜಿಲ್ಲಾ ರಂಗಮಂದಿರದಲ್ಲಿ ಯಾವ ಕಾರ್ಯಕ್ರಮವಿರಲಿ, ವೇದಿಕೆಯ ಮೂಲೆಯ ಮೇಜಿನ ಮೇಲೆ ಅದರ ಹಾರಗಳು ಹಾಜರು. ಅತಿಥಿಗಳ ಕೊರಳಿಗೆ ಬಿದ್ದು, ಫೋಟೋ ತೆಗೆಯುವಷ್ಟು ಹೊತ್ತು ಅಲ್ಲಿದ್ದು, ಆಮೇಲೆ ಭಾಷಣ ಮುಗಿಯುವವರೆಗೆ ಮೇಜಿನ ಮೇಲೆ ಬಿದ್ದುಕೊಂಡಿರುತ್ತವೆ. ಮದುವೆ ಕಾರಿನ ಮೂತಿಗೂ ಅದೇ ಹೂವು, ಗೋಡೆಯ ಮೇಲಿನ ಅಜ್ಜನ ಫೋಟೋಕ್ಕೂ ಅದೇ, ಅಜ್ಜ ಹೊರಟ ದಿನ ಎದೆಯ ಮೇಲಿದ್ದದ್ದೂ ಅದೇ. ಇಷ್ಟೆಲ್ಲ ದುಡಿಯುವ ಹೂವನ್ನು ಮುಡಿದುಕೊಂಡ ಹೆಂಗಸರನ್ನು ಮಾತ್ರ ನಾನು ಕಂಡದ್ದು ಅಪರೂಪ. ಜಡೆಗೆ ಮಲ್ಲಿಗೆ, ಜಾಜಿ, ಅಬ್ಬಲಿಗೆ. ಕಾಲ ಬಂದಾಗ ಸುರಂಗಿ. ಸುಗಂಧರಾಜಕ್ಕೆ ಕೊರಳುಂಟು, ಜಡೆಯಿಲ್ಲ.

ಹಾಗಾಗಿ ದುಬೈಯಿಂದ ರಜೆಗೆ ಬಂದ ಅಕ್ಕನ ಮಗಳು ಬೆರಳುದ್ದದ ಎರಡು ಗಾಜಿನ ನಳಿಕೆಗಳನ್ನು ನನ್ನ ಮುಂದಿಟ್ಟು, "ಚಿಕ್ಕಮ್ಮ, ಎರಡರಲ್ಲೂ ಸುಗಂಧರಾಜವೇ ಇರೂದು. ಅಂಗಡಿಯಲ್ಲಿ ಮೂಸಿ ಮೂಸಿ ತಲೆ ಕೆಟ್ಟೋಯ್ತು. ಯಾವ್ದು ತಕಳ್ಳಲಿ ಹೇಳು" ಎಂದಾಗ ನನಗೆ ಮೊದಲು ಕಂಡದ್ದು ಶಾಲು, ಫಲತಾಂಬೂಲ, ನೆನಪಿನ ಕಾಣಿಕೆ. ಮೇ ತಿಂಗಳಲ್ಲಿ ಅವಳ ಮದುವೆ, ಅಂಕೋಲೆಯಲ್ಲಿ. ಮದುವೆಯ ಖರೀದಿಯ ಪಟ್ಟಿಯಲ್ಲಿ ಸೀರೆ, ಬಂಗಾರ, ಬ್ಯೂಟಿ ಪಾರ್ಲರಿನ ಜೊತೆಗೆ 'ಸೆಂಟ್' ಕೂಡ ಒಂದು ಬಾಬತ್ತಾಗಿ ಸೇರಿದ್ದು ನಮ್ಮ ಮನೆಯ ಇತಿಹಾಸದಲ್ಲಿ ಇದೇ ಮೊದಲು. ನಮ್ಮ ಕಾಲದಲ್ಲಿ ಗಲ್ಫಿನಿಂದ ಬಂದವರು ತಂದ ಸೆಂಟ್ ಇರುತ್ತಿತ್ತು; ಕೊಟ್ಟದ್ದನ್ನು ಹಾಕಿಕೊಳ್ಳುವುದು. ಆರಿಸುವ ಕಷ್ಟ ಯಾರಿಗೂ ಇರಲಿಲ್ಲ.

ನಳಿಕೆಗಳ ಪೈಕಿ ಒಂದು ಗುಚ್ಚಿಯ ಬ್ಲೂಮ್. ಆಲ್ಬರ್ಟೊ ಮೊರಿಯಾಸ್ ಎಂಬ ಸ್ಪೇನ್ ಮೂಲದ ಗಂಧಕಾರ ಹೊಸೆದದ್ದು, ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಸುಗಂಧರಾಜ, ಮಲ್ಲಿಗೆ, ಜೊತೆಗೆ ರಂಗೂನ್ ಬಳ್ಳಿ. ಇನ್ನೊಂದು ಪ್ಯಾರಿಸ್ಸಿನ ಡಿಪ್ಟೀಕ್ ಕಂಪನಿಯ ದೊ ಸೊನ್, 2005ರದ್ದು, ಫ್ಯಾಬ್ರಿಸ್ ಪೆಲ್ಲೆಗ್ರಿನ್ ಮಾಡಿದ್ದು. ಸುಗಂಧರಾಜದ ಸುತ್ತ ಕಡಲಗಾಳಿಯನ್ನು ಸುತ್ತಿಟ್ಟದ್ದು. ಕಾಗದದ ಪಟ್ಟಿಗೆ ಒಂದೊಂದು ಹನಿ ಹಾಕಿ ಮೂಸಿದರೆ ಎರಡೂ ಒಂದೇ ಓಣಿಯ ಹುಡುಗಿಯರು. ಎರಡೂ ಬಿಳಿ ಹೂವು, ಎರಡೂ ಸಂಜೆ, ಎರಡೂ ಸ್ವಲ್ಪ ಬೆಣ್ಣೆ. ಅವಳ ತಲೆ ಕೆಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಅಂಗಡಿಯಲ್ಲಿ ನಿಂತು ಪರಿಮಳ ಆರಿಸುವ ಪದ್ಧತಿಯ ಬಗ್ಗೆ ನನಗೆ ಮೊದಲಿಂದಲೂ ಗುಮಾನಿ. ಸೀಸೆಯಿಂದ ಹಾರಿದ ಮೊದಲ ಕ್ಷಣದಲ್ಲಿ ಮೂಗಿಗೆ ಬಡಿಯುವುದು ಆಲ್ಕೋಹಾಲ್, ಅದರ ಬೆನ್ನಿಗೆ ಬೇಗ ಆವಿಯಾಗುವ ಹಗುರ ಅಣುಗಳು: ನಿಂಬೆ, ಕಿತ್ತಳೆ, ಕಾಳುಮೆಣಸಿನ ಜಾತಿಯವು. ಹೂವು ಬರುವುದು ಅವು ತೊಲಗಿದ ಮೇಲೆ. ಹೂವೂ ಹೋದ ಮೇಲೆ ಉಳಿಯುವುದು ಕಸ್ತೂರಿ, ರಾಳ, ಮರದ ಭಾರವಾದ ತಳ. ದಿನವಿಡೀ ನಾವು ಹೊತ್ತು ತಿರುಗುವುದು ಈ ಕೊನೆಯದನ್ನು, ದುಡ್ಡು ಕೊಡುವುದು ಮೊದಲಿನದನ್ನು ಮೂಸಿ. ಮೇಲಾಗಿ ಅಂಗಡಿಯಲ್ಲಿ ಏಸಿ. ಆ ಒಣ ತಂಪಿನಲ್ಲಿ ಯಾವ ಪರಿಮಳವೂ ಸಭ್ಯವಾಗಿಯೇ ಇರುತ್ತದೆ. ನಮ್ಮ ಕಡಲಂಚಿನ ಮಾರ್ಚ್ ತಿಂಗಳ ಬೆವರಿಗೆ ಬಿಟ್ಟು ನೋಡಬೇಕು. ಸೆಕೆಗೆ ಅಣುಗಳು ಮೈಯಿಂದ ಬೇಗ ಏಳುತ್ತವೆ, ತೇವದ ಗಾಳಿಯಲ್ಲಿ ಮೂಗೂ ಚುರುಕಾಗುತ್ತದೆ. ದುಬೈನ ಅಂಗಡಿಯಲ್ಲಿ ಪಿಸುಗುಟ್ಟಿದ್ದು ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ಕರೆಯಬಹುದು.

ಹೇಗೂ ಅಕ್ಕನ ಮನೆಗೆ ಹೋಗುವುದಿತ್ತು. ಕಾರವಾರದಿಂದ ಅಂಕೋಲೆಗೆ ಸುಮಾರು 35 ಕಿಲೋಮೀಟರ್. ಪರಿಮಳವೊಂದು ತನ್ನ ತಲೆ, ಹೊಟ್ಟೆ, ಕಾಲು ಮೂರನ್ನೂ ತೋರಿಸಲು ಅಷ್ಟು ದೂರ ಧಾರಾಳ ಸಾಕು. ಬಸ್ಸು ಹತ್ತುವ ಮುನ್ನ ಬಲ ಮಣಿಕಟ್ಟಿಗೆ ದೊ ಸೊನ್, ಎಡ ಮಣಿಕಟ್ಟಿಗೆ ಬ್ಲೂಮ್ ಹಚ್ಚಿಕೊಂಡೆ. ದಕ್ಷಿಣಕ್ಕೆ ಹೋಗುವಾಗ ಬಲಕ್ಕೆ ಕಡಲು, ಎಡಕ್ಕೆ ಗುಡ್ಡ. ಕಡಲಿನದು ಕಡಲ ಕಡೆ, ತೋಟದ್ದು ಗುಡ್ಡದ ಕಡೆ. ಈ ವ್ಯವಸ್ಥೆ ನನಗೇ ಬಹಳ ಹಿಡಿಸಿತು.

ಬೈತಖೋಲದ ಮೀನುಬಂದರು ದಾಟುವಷ್ಟರಲ್ಲಿ ಆಲ್ಕೋಹಾಲ್ ಹೋಗಿತ್ತು. ಬಂದರಿನ ವಾಸನೆ ಕಿಟಕಿಯಿಂದ ಬಂದು ಬಲಗೈ ಮೇಲೆ ಕೂತಿತು. ದೊ ಸೊನ್‌ನಲ್ಲಿರುವ ಕಡಲು ಮತ್ತು ಬೈತಖೋಲದಲ್ಲಿರುವ ಕಡಲು ಪರಸ್ಪರ ಪರಿಚಯವೇ ಇಲ್ಲದವರ ಹಾಗೆ ವರ್ತಿಸಿದವು. ಸೀಸೆಯ ಕಡಲಿನಲ್ಲಿ ಮೀನಿಲ್ಲ, ಒಣಗಲು ಹಾಕಿದ ಬಲೆಯಿಲ್ಲ, ಡೀಸೆಲ್ ಇಲ್ಲ. ಇರುವುದು ಬಿಳಿ ಪರದೆಯ ಕಿಟಕಿಯಿಂದ ಒಳಗೆ ಬರುವ ಗಾಳಿ ಮಾತ್ರ. ಅದೂ ಸುಳ್ಳಲ್ಲ. ಅದು ಒಬ್ಬ ಹುಡುಗನ ಕಡಲು. ಡಿಪ್ಟೀಕ್ ಅಂಗಡಿಯನ್ನು 1961ರಲ್ಲಿ ಪ್ಯಾರಿಸ್ಸಿನಲ್ಲಿ ಶುರು ಮಾಡಿದ ಮೂವರು ಗೆಳೆಯರಲ್ಲಿ ಈವ್ ಕೂಸ್ಲಾಂ ಎಂಬವನ ಬಾಲ್ಯ ಕಳೆದದ್ದು ಫ್ರೆಂಚರ ಆಳ್ವಿಕೆಯ ವಿಯೆಟ್ನಾಮಿನಲ್ಲಿ. ದೊ ಸೊನ್ ಎಂದರೆ ಅಲ್ಲಿ ಹೈಫಾಂಗ್ ಬಂದರಿನ ಹತ್ತಿರದ ಕಡಲತೀರ. ಕಡಲಗಾಳಿಯ ಜೊತೆ ತೇಲಿ ಬರುತ್ತಿದ್ದ ಸುಗಂಧರಾಜದ ಕಂಪು ಅವನ ನೆನಪಿನಲ್ಲಿ ಉಳಿದುಬಿಟ್ಟಿತ್ತು. ಆ ನೆನಪನ್ನು ಇಟ್ಟುಕೊಂಡೇ ಇದನ್ನು ಮಾಡಿದ್ದು.

ಇದನ್ನು ನೆನೆದಾಗ ನನಗೆ ರವೀಂದ್ರನಾಥ ಟ್ಯಾಗೋರರು ಅಡ್ಡ ಬಂದರು. ಕಾರವಾರದವರಿಗೆ ಅವರು ಅಡ್ಡ ಬರುವುದು ಸಹಜ. ನಮ್ಮ ಕಡಲತೀರಕ್ಕೆ ಅವರದೇ ಹೆಸರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತರುಣ ರವೀಂದ್ರರು ಬಂದು ಉಳಿದಿದ್ದರು. 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಇಲ್ಲಿ. ವರ್ಷಗಳ ಮೇಲೆ ಆತ್ಮಕಥನ ಬರೆಯುವಾಗ ಕಾರವಾರದ ಸೀಮೆಯನ್ನು ಅವರು ಪರಿಚಯಿಸಿದ್ದು ಏಲಕ್ಕಿ ಬಳ್ಳಿಯೂ ಶ್ರೀಗಂಧದ ಮರವೂ ಬೆಳೆಯುವ, ಸಂಸ್ಕೃತ ಕಾವ್ಯಗಳ ಮಲಯ ಪರ್ವತದ ನಾಡು ಎಂದು. ಗಾಳಿಮರಗಳ ಕಾಡು ಕೂಡ ಅಲ್ಲಿದೆ. ಮೀನು ಮಾರ್ಕೆಟ್ಟಿನ ವಾಸನೆ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಕಡಲತೀರ ಬಿಟ್ಟು ಹೋದವರ ಮೂಗು ಹೀಗೆಯೇ ಸೋಸುತ್ತದೆ. ಉಳಿದವರಿಗೆ ಸೋಸುವ ಸವಲತ್ತಿಲ್ಲ, ಬಂಗಡೆಯ ಸಮೇತವೇ ಕಡಲು.

ಅರ್ಗಾ ಬಂತು, ನೌಕಾನೆಲೆಯ ಗೋಡೆ ಶುರುವಾಯಿತು. ಐಎನ್ಎಸ್ ಕದಂಬ ನೌಕಾಪಡೆಯ ಸೇವೆಗೆ ಸೇರಿದ್ದೂ 2005ರಲ್ಲೇ, ದೊ ಸೊನ್ ಹುಟ್ಟಿದ ವರ್ಷ. ಪ್ಯಾರಿಸ್ಸಿನವರು ಕಡಲನ್ನು ಸೀಸೆಗೆ ತುಂಬುತ್ತಿದ್ದಾಗ ನಮ್ಮಲ್ಲಿ ಅದು ಗೋಡೆಯ ಹಿಂದೆ ಸರಿಯುತ್ತಿತ್ತು. ಕಡಲು ಕಾಣುವುದಿಲ್ಲ, ಆದರೆ ಗಾಳಿಗೆ ಯಾವ ಪಾಸೂ ಬೇಡವಲ್ಲ, ಬಲಗಿಟಕಿಯಿಂದ ಬಂತು. ಹೂವಿನ ಹೊತ್ತು ಈಗ. ಎರಡೂ ಕೈಯಲ್ಲಿ ಸುಗಂಧರಾಜ ಅರಳಿತ್ತು, ಈಗ ಎರಡೂ ಬೇರೆ ಬೇರೆ ಎಂದು ಕಣ್ಮುಚ್ಚಿಯೂ ಹೇಳಬಹುದಿತ್ತು. ಬಲಗೈಯದು ತೆಳ್ಳಗೆ, ಸ್ವಲ್ಪ ಹಸಿರು, ಹೂವಿಗಿಂತ ಹೂವಿನ ದಂಟು ಮುರಿದಾಗಿನ ನೀರು. ಎಡಗೈಯದು ದಪ್ಪಗೆ, ಮೊಗ್ಗು, ಎಸಳು, ಪರಾಗ ಎಲ್ಲವೂ ಒಟ್ಟಿಗೆ, ಮಲ್ಲಿಗೆಯ ಹಿಂದೆ ಅಡಗಿರುವ ಆ ಒಂಚೂರು ಕೊಳೆಯೂ ಸೇರಿ.

ಕೊಳೆ ಎಂದದ್ದಕ್ಕೆ ಬೇಸರಿಸಬೇಡಿ. ಮಲ್ಲಿಗೆಯಲ್ಲೂ ಸುಗಂಧರಾಜದಲ್ಲೂ ಇಂಡೋಲ್ ಎಂಬ ಪದಾರ್ಥವಿದೆ. ಅದು ಮಲದಲ್ಲೂ ಇರುವಂಥದ್ದು. ಅದನ್ನು ಪೂರ್ತಿ ತೆಗೆದುಬಿಟ್ಟರೆ ಮಲ್ಲಿಗೆ ಸಪ್ಪೆ. ರಾತ್ರಿ ದಿಂಬಿನ ಪಕ್ಕ ಬಾಡುವ ಮಲ್ಲಿಗೆ ತಲೆಗೇರುವುದಕ್ಕೆ ಅದೂ ಕಾರಣ. ಸುಗಂಧರಾಜದಲ್ಲಿ ಇನ್ನೊಂದು ತಮಾಷೆಯಿದೆ, ಮಿಥೈಲ್ ಸ್ಯಾಲಿಸಿಲೇಟ್. ಮಂಡಿನೋವಿಗೆ ತಿಕ್ಕುವ ಮುಲಾಮಿನಿಂದ ಏಳುವ ಘಾಟು ಅದರದೇ. ಸುಗಂಧದ ರಾಜ ಎಂದು ಕರೆಸಿಕೊಳ್ಳುವವನು ಅಂಗಿಯ ಒಳಗೆ ಮುಲಾಮು ಹಚ್ಚಿಕೊಂಡೇ ಸಭೆಗೆ ಬಂದಿದ್ದಾನೆ. ನಮ್ಮ ಸನ್ಮಾನಿತರ ಪೈಕಿ ಬಹುತೇಕರ ವಯಸ್ಸು ನೋಡಿದರೆ ಇದು ಹೊಂದುವ ಮಾತೇ.

ಈ ಹೂವು ನಮ್ಮದೂ ಅಲ್ಲ, ವಿಯೆಟ್ನಾಮಿನದೂ ಅಲ್ಲ, ಮೆಕ್ಸಿಕೋದ್ದು. ಕತ್ತಾಳೆಯ ನಂಟ. ಬಂದು ನೆಲೆಸಿದ್ದು ಎಷ್ಟು ಗಟ್ಟಿಯೆಂದರೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಶೃಂಗಾರ್, ಸುವಾಸಿನಿ, ಪ್ರಜ್ವಲ್ ಎಂದೆಲ್ಲ ಇದರ ತಳಿಗಳನ್ನೇ ಮಾಡಿದರು. ಕರ್ನಾಟಕ, ತಮಿಳುನಾಡುಗಳ ಹೊಲದ ಹೂವಿನಿಂದ ತೆಗೆದ ಸಾರ ಫ್ರಾನ್ಸಿನ ಗಂಧಕಾರರ ಮೇಜಿಗೆ ಹೋಗುತ್ತದೆ. ಒಂದು ಟನ್ ಹೂವಿಗೆ ಒಂದು ಕಿಲೋದಷ್ಟೂ ಸಾರ ದಕ್ಕುವುದಿಲ್ಲ. ಕೊಯ್ದ ಮೇಲೂ ಗಂಟೆಗಟ್ಟಲೆ ಕಂಪು ಬಿಡುತ್ತಲೇ ಇರುವುದು ಮಲ್ಲಿಗೆಗೂ ಇದಕ್ಕೂ ಇರುವ ಗುಣ. ಅದಕ್ಕೇ ಹಿಂದೆ ಫ್ರಾನ್ಸಿನ ಗ್ರಾಸ್ ಊರಿನಲ್ಲಿ ಗಾಜಿನ ಹಲಗೆಗೆ ಕೊಬ್ಬು ಸವರಿ, ಅದರ ಮೇಲೆ ಹೂವು ಹರಡಿ, ಬಾಡಿದ್ದನ್ನು ತೆಗೆದು ಹೊಸದು ಹರಡಿ, ಕೊಬ್ಬು ಕುಡಿಯುವಷ್ಟನ್ನೂ ಕುಡಿಸುತ್ತಿದ್ದರು. ಕೊಬ್ಬರಿ ಎಣ್ಣೆ ಹಚ್ಚಿದ ಜಡೆಗೆ ಮಲ್ಲಿಗೆ ಮುಡಿದು ಮಲಗಿದ ನಮ್ಮ ಹೆಂಗಸರ ತಲೆಯಲ್ಲಿ ನಡೆಯುತ್ತಿದ್ದದ್ದೂ ಇದೇ ಕೆಲಸ, ಕಾರ್ಖಾನೆಯಿಲ್ಲದೆ.

ಹಾರವಾಡದ ಹತ್ತಿರ ಖಾಲಿ ಮೀನುಬುಟ್ಟಿ ಹಿಡಿದ ಹೆಂಗಸೊಬ್ಬಳು ಹತ್ತಿ ನನ್ನ ಪಕ್ಕ, ಎಡಗೈ ಕಡೆ ಕೂತಳು. ಬೆಳಗಿನ ವ್ಯಾಪಾರ ಮುಗಿಸಿದ್ದಳು, ಮುಡಿಯಲ್ಲಿ ಅಬ್ಬಲಿಗೆಯ ದಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ತಲೆ ನೋಡಿದಳು, ಮಡಿಲಿನ ಚೀಲ ನೋಡಿದಳು.

"ಹೂ ಎಲ್ಲಿಟ್ಟೀರಿ ಅಕ್ಕಾ?"

ಹೂವಿಲ್ಲ, ಸೆಂಟು ಎಂದು ಕೈ ತೋರಿಸಿದೆ. ಎಡಗೈ ಮೂಸಿ ತಲೆಯಾಡಿಸಿದಳು. ಬಲಗೈ ಮೂಸಿ, "ಇದ್ರಲ್ಲಿ ಎಂತದೂ ಇಲ್ಲ" ಎಂದಳು. ದಿನವಿಡೀ ಕಡಲಗಾಳಿಯಲ್ಲಿ ನಿಂತವಳ ಮೂಗಿಗೆ ಕಡಲಗಾಳಿ ವಾಸನೆಯೇ ಅಲ್ಲ. ಬಿಡದೆ ಬಡಿಯುವ ವಾಸನೆಯನ್ನು ಮೂಗು ಕೆಲವೇ ನಿಮಿಷದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಿಡುತ್ತದೆ. ಅದಿಲ್ಲದಿದ್ದರೆ ನಾವು ಯಾವ ಊರಲ್ಲೂ ಬಾಳಲಾರೆವು. ಕಾರವಾರದವರಿಗೆ ಕಡಲಗಾಳಿಯ ಸೆಂಟು ಮಾರುವುದೆಂದರೆ ಸಾಣಿಕಟ್ಟೆಯ ಉಪ್ಪಿನಾಗರದ ಬದುವಿನ ಮೇಲೆ ಕೂತು ಉಪ್ಪಿನ ಪ್ಯಾಕೆಟ್ ಮಾರಿದ ಹಾಗೆ.

ಅವರ್ಸಾ ದಾಟುವಾಗ ಬಲಗೈಯಲ್ಲಿ ನಿಜಕ್ಕೂ ಹೆಚ್ಚೇನೂ ಉಳಿದಿರಲಿಲ್ಲ. ಮಣಿಕಟ್ಟನ್ನು ಮೂಗಿಗೆ ಒತ್ತಿ ಹಿಡಿದರೆ ಒಗೆದು ಒಣಗಿಸಿದ ಹತ್ತಿಬಟ್ಟೆಯ ಸ್ವಚ್ಛತೆ, ತಣ್ಣನೆಯ ಕಸ್ತೂರಿ. ಎಡಗೈ ಇನ್ನೂ ತುಂಬಿದ ಮನೆ. ಈ ಸೆಕೆಯಲ್ಲಿ ಅದು ಸ್ವಲ್ಪ ಜಾಸ್ತಿಯೇ ಆಯಿತು ಎನ್ನಬೇಕು. ಮುಂದಿನ ಸೀಟಿನ ಗಂಡಸು ಒಮ್ಮೆ ತಿರುಗಿ ನೋಡಿ ಕಿಟಕಿಯ ಗಾಜು ಸರಿಸಿದ.

ಅಂಕೋಲೆಯ ನನ್ನ ಅಕ್ಕನ ಮೂಗಿನ ಮೇಲೆ ನನಗೆ ವಿಪರೀತ ಭರವಸೆ. ಕರಿ ಈಶಾಡ, ಬಿಳಿ ಈಶಾಡ ಮಾವಿನಹಣ್ಣುಗಳನ್ನು ಪಕ್ಕಪಕ್ಕ ಇಟ್ಟರೆ ಹೊರಗಿನವರಿಗೆ ಅವು ಅವಳಿಗಳು. ಕರಿಯದರ ಸಿಪ್ಪೆ ತೆಳು, ತಿರುಳು ಹೆಚ್ಚು, ರುಚಿಗೆ ಸಮನಿಲ್ಲ. 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದೂ ಕರಿಗೆ. ಅಕ್ಕ ಬುಟ್ಟಿಯ ಹತ್ತಿರ ಬಗ್ಗಿ ತೊಟ್ಟು ಮೂಸಿಯೇ ಹೇಳುತ್ತಾಳೆ, ಮಾರುವವನು ಎದುರು ಮಾತಾಡುವುದಿಲ್ಲ. ಅಂಥವಳ ಎದುರು ಎರಡೂ ಕೈ ಚಾಚಿದೆ.

ಅವಳು ಬಲಗೈಯನ್ನು ಬೇಗ ಬಿಟ್ಟಳು. ಎಡಗೈ ಹಿಡಿದುಕೊಂಡು ಅಂಗಳದ ಕಡೆ ನೋಡಿದಳು. "ಇದ್ರಲ್ಲಿ ನಮ್ಮ ಬೇಲಿ ಉಂಟಲ್ಲೇ!" ಎಂದಳು. ಅವಳ ಗೇಟಿನ ಮೇಲೆ ಹಬ್ಬಿದ್ದು ರಂಗೂನ್ ಬಳ್ಳಿ, ಮಧುಮಾಲತಿ ಅಂತಲೂ ಕರೆಯುವುದುಂಟು. ಮುಸ್ಸಂಜೆಗೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿಯಾಗಿ, ಅದರಾಚೆ ಕೆಂಪಾಗುವ ಗೊಂಚಲು. ಕಂಪೆಲ್ಲ ಆ ಬಿಳಿಯ ಮೊದಲ ರಾತ್ರಿಗೆ, ಕತ್ತಲಲ್ಲಿ ಬರುವ ಪತಂಗಗಳಿಗಾಗಿ. ಬ್ಲೂಮ್‌ನ ಪಟ್ಟಿಯಲ್ಲಿ ಅದರ ಹೆಸರಿದೆಯೆಂದು ಅವಳಿಗೆ ನಾನು ಹೇಳಿರಲಿಲ್ಲ. ಇಟಲಿಯ ಕಂಪನಿ ನಸುಗುಲಾಬಿ ಸೀಸೆಯಲ್ಲಿ ಅಷ್ಟು ದುಬಾರಿಗೆ ಮಾರುವುದು ತನ್ನ ಗೇಟಿನ ಮೇಲೆ ಪುಕ್ಕಟೆ ಬೆಳೆದಿದೆ ಎಂದು ಗೊತ್ತಾದ ಮೇಲೆ ಅಕ್ಕನಿಗೆ ಸಂತೋಷವಾಯಿತೋ ಸಿಟ್ಟು ಬಂತೋ ತಿಳಿಯಲಿಲ್ಲ. ಸಂಜೆ ಬಳ್ಳಿಗೆ ಒಂದು ಕೊಡ ನೀರು ಹೆಚ್ಚಾಗಿಯೇ ಬಿತ್ತು.

ಅಲ್ಲಿಂದ ಮಾತು ನಮ್ಮಿಬ್ಬರ ಹಳೇ ಜಗಳಕ್ಕೆ ಹೊರಳಿತು. ಅಕ್ಕ ಬಕುಳದವಳು, ನಾನು ಸುರಂಗಿಯವಳು. ಹೊರಗಿನವರು ಕೇಳಿದರೆ ಇದೂ ಒಂದು ಜಗಳವೇ ಎಂದಾರು. ಎರಡೂ ಚಿಕ್ಕ ಹೂವು, ಎರಡನ್ನೂ ಸರ ಪೋಣಿಸುವುದು, ಎರಡೂ ಒಣಗಿದ ಮೇಲೂ ಘಮ ಬಿಡದವು, ಎರಡನ್ನೂ ಅಮ್ಮ ಸೀರೆಯ ಪೆಟ್ಟಿಗೆಯಲ್ಲಿಡುತ್ತಿದ್ದಳು. ಆದರೆ ಸುರಂಗಿಯ ಸೊಕ್ಕೇ ಬೇರೆ. ಪಶ್ಚಿಮ ಘಟ್ಟದ ಮರ, ವರ್ಷದಲ್ಲಿ ಕೆಲವೇ ವಾರ ಹೂವು, ರೆಂಬೆಯ ಮೈಗೇ ಅಂಟಿಕೊಂಡ ಮೊಗ್ಗು. ಬಿಸಿಲೇರುವ ಮೊದಲು, ಅರಳುವ ಮೊದಲು ಮರ ಹತ್ತಿ ಕೊಯ್ಯಬೇಕು. ತಡವಾದರೆ ಹಳದಿ ಕೇಸರ ಕೆದರಿ ಜೇನ್ನೊಣಗಳ ಪಾಲು. ಯು.ಆರ್. ಅನಂತಮೂರ್ತಿಯವರು 2012ರಲ್ಲಿ ತಮ್ಮ ಆತ್ಮಕಥನಕ್ಕೆ ಈ ಹೂವಿನ ಹೆಸರನ್ನೇ ಇಟ್ಟರು. ಅಕ್ಕನ ಎದುರು ನನ್ನ ದೊಡ್ಡ ಸಾಕ್ಷಿ ಅವರೇ. ಬಕುಳಕ್ಕೆ ಮರ ಹತ್ತುವುದು ಬೇಡ, ರಾತ್ರಿ ತಾನೇ ಉದುರಿರುತ್ತದೆ, ಬಗ್ಗಿ ಹೆಕ್ಕಿದರಾಯಿತು. ಅಕ್ಕನ ವಾದವೂ ಅದೇ: ಕಿತ್ತ ಹೂವಿಗಿಂತ ಕೊಟ್ಟ ಹೂವು ಮೇಲು. ಸೋಮಾರಿಗಳ ವಾದ ಎಂದು ನಾನು. ಇಷ್ಟು ವರ್ಷವಾದರೂ ತೀರ್ಮಾನವಾಗಿಲ್ಲ, ಆಗುವುದೂ ಬೇಡ.

ಮಗಳು ನಮ್ಮ ಜಗಳ ಕೇಳಿ ಕೇಳಿ ಕೊನೆಗೆ, "ನನ್ನ ಸೆಂಟಿನ ಕತೆ ಎಂತಾಯ್ತು?" ಎಂದಳು.

ಬಸ್ಸಿನಲ್ಲೇ ನನ್ನ ಮನಸ್ಸು ಗಟ್ಟಿಯಾಗಿತ್ತು. ದೊ ಸೊನ್ ತಕೋ ಎಂದೆ. ಮೀನು ಮಾರುವವಳಿಗೂ ಅಕ್ಕನಿಗೂ ಏನೂ ಅಲ್ಲದ್ದು, ನನ್ನ ಕೈಮೇಲೆ ಅವರ್ಸಾ ತನಕವೂ ಬಾಳದ್ದು, ಅವಳಿಗೇ ಸರಿ. ಅವಳು ಇರುವುದು ದುಬೈನಲ್ಲಿ, ಎದ್ದರೆ ಏಸಿ, ಇಳಿದರೆ ಏಸಿ ಕಾರು, ಕೂತರೆ ಏಸಿ ಆಫೀಸು. ಆ ಒಣ ತಂಪಿನಲ್ಲಿ ಅದು ನಿಧಾನಕ್ಕೆ ಏಳುತ್ತದೆ, ಯಾರ ತಲೆಗೂ ಏರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಕಡಲೂರು ಬಿಟ್ಟು ಹೋದವನ ನೆನಪಿನಿಂದ ಮಾಡಿದ ಪರಿಮಳ ಕಡಲೂರು ಬಿಟ್ಟು ಹೋದವಳಿಗೇ ಅರ್ಥವಾಗಬೇಕು. ಮೀನು, ಡೀಸೆಲ್, ಗೋಡೆ ಯಾವುದೂ ಇಲ್ಲದ ಕಡಲು ನಮಗೆ ಏನೂ ಅಲ್ಲ. ಅವಳಿಗೆ ಅಷ್ಟೇ ಬೇಕು. ದುಬೈಗೂ ಕಡಲಿದೆ ಎಂದು ಅವಳು ತಕರಾರು ತೆಗೆದಳು. ಆ ಕಡಲಿನ ದಂಡೆಯಲ್ಲಿ ಅವಳಮ್ಮನ ಮನೆಯಿಲ್ಲ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಅಕ್ಕ ಚಹಾ ತಂದಳು.

ಬ್ಲೂಮ್ ಕೆಟ್ಟದ್ದೆಂದು ಹೇಳಲಾರೆ. ಹೂವಿನಷ್ಟಕ್ಕೇ ನೋಡಿದರೆ ಅದೇ ಒಂದು ಕೈ ಮೇಲು, ಬಸ್ಸಿನಲ್ಲಿ ಹೂವೆಂದು ಮೋಸಹೋಗುವಷ್ಟು. ಆದರೆ ಅದು ಸೆಕೆಯಿಲ್ಲದ ಊರಿಗೆ, ಇಲ್ಲವೇ ನಮ್ಮಲ್ಲೇ ಆದರೆ ಮಳೆಗಾಲಕ್ಕೆ, ಜುಲೈನ ಜಡಿಮಳೆಯಲ್ಲಿ ಬೇಲಿಯ ಮೇಲೆ ಏನೂ ಘಮಿಸದೆ ಬಟ್ಟೆಗಳೆಲ್ಲ ಮುಗ್ಗಲು ಹಿಡಿದಿರುವಾಗ. ನಳಿಕೆಯಲ್ಲಿ ಮಿಕ್ಕದ್ದನ್ನು ಅದಕ್ಕೆಂದೇ ನಾನು ಇಸಿದುಕೊಂಡೆ.

"ಮದ್ವೆ ದಿನಕ್ಕೂ ದೊ ಸೊನ್ನೇ ಹಾಕಲಾ?" ಎಂದಳು ಮಗಳು.

ಎರಡೂ ಬೇಡ ಎಂದು ಅಕ್ಕನೂ ನಾನೂ ಒಟ್ಟಿಗೆ ಹೇಳಿದೆವು. ಜಡೆ ತುಂಬ ನಿಜವಾದ ಮಲ್ಲಿಗೆ ಇರುವಾಗ ಕುತ್ತಿಗೆಯ ಮೇಲಿನ ಸೀಸೆಯ ಹೂವು ಸಿಕ್ಕಿಬೀಳುತ್ತದೆ, ಎಷ್ಟೇ ದುಬಾರಿಯದಾಗಲಿ. ಮೇಲಿಂದ ಕೊರಳಲ್ಲಿ ಸುಗಂಧರಾಜದ ಹಾರವೂ ಇರುತ್ತದೆ. ಮಲ್ಲಿಗೆ ಭಟ್ಕಳದಿಂದ ಬರಬೇಕು. ಮದುವೆಯ ಹಂಗಾಮಿನಲ್ಲಿ ಅದರ ದರ ದಿನಕ್ಕೊಂದು, ಕೇಳಿದವರಿಗೆಲ್ಲ ಸಿಗುವುದೂ ಇಲ್ಲ. ಅಕ್ಕ ಚಹಾದ ಲೋಟ ಕೆಳಗಿಟ್ಟು ಹೂವಿನವನಿಗೆ ಫೋನು ಹಚ್ಚಿದಳು, ಎಷ್ಟು ಜಡೆಗಳಿಗೆ ಹೂವು ಬೇಕಾದೀತೆಂದು ಬೆರಳು ಮಡಿಸಿ ಎಣಿಸುತ್ತ, ಗಂಡಿನ ಕಡೆಯವರನ್ನು ಎಣಿಸುವಲ್ಲಿ ಮತ್ತೆ ಮತ್ತೆ ಲೆಕ್ಕ ತಪ್ಪುತ್ತ.